ಕಣ್ಣಿಗೆ ಕಟ್ಟಿದ ಲೋಕ

ಹಿಂದೆ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಬಣ್ಣದ ಕಾಗದವನ್ನು ಅಂಟಿಸಿದ ಪೆಟ್ಟಿಗೆಯೊಂದು ತಪ್ಪದೆ ಕಾಣಿಸಿಕೊಳ್ಳುತ್ತಿತ್ತು. ಅದರ ಮೈಗೆ ಮೂರೋ ನಾಲ್ಕೋ ದುಂಡನೆಯ ಕಿಂಡಿಗಳು, ಕಿಂಡಿಗೊಂದು ಗಾಜು. ಕಾಸು ತೆತ್ತ ಹುಡುಗನು ಎರಡು ಅಂಗೈಗಳನ್ನೂ ಕಣ್ಣಿನ ಇಕ್ಕೆಲಗಳಲ್ಲಿ ಮರೆಮಾಡಿಕೊಂಡು ಒಳಗೆ ಇಣುಕಿದನೆಂದರೆ ಮುಗಿಯಿತು. ದಿಲ್ಲಿಯ ಕೋಟೆ, ಮುಂಬಯಿಯ ಕಡಲು, ಕಾಶಿಯ ಘಟ್ಟಗಳು ಒಂದಾದ ಮೇಲೊಂದರಂತೆ ಎದುರಿಗೆ ಬಂದು ನಿಲ್ಲುತ್ತಿದ್ದವು. ಬೆನ್ನ ಹಿಂದೆ ಡೊಳ್ಳು ಮೊಳಗುತ್ತಿದ್ದರೂ, ಮಿಠಾಯಿ ಮಾರುವವನು ಕೂಗುತ್ತಿದ್ದರೂ ಆ ಕ್ಷಣದಲ್ಲಿ ಹುಡುಗನಿಗೆ ಅವು ಯಾವುವೂ ಇರಲಿಲ್ಲ. ಅವನು ಜಾತ್ರೆಯಲ್ಲಿದ್ದೂ ಜಾತ್ರೆಯಲ್ಲಿ ಇರಲಿಲ್ಲ.

ಅಂದು ಆ ಹುಡುಗನು ತನ್ನ ಅಂಗೈಗಳಿಂದ ಮಾಡಿದ ಕೆಲಸವನ್ನೇ ಇಂದು ಒಂದು ಕನ್ನಡಕವು ಮಾಡುತ್ತಿದೆ. ಹೊರಲೋಕವನ್ನು ಮರೆಮಾಡಿ, ಇನ್ನೊಂದು ಲೋಕವನ್ನು ಕಣ್ಣೆದುರಿಗೆ ನಿಲ್ಲಿಸುವ ಈ ವಿದ್ಯೆಗೆ 'ವರ್ಚುವಲ್ ರಿಯಾಲಿಟಿ' ಎಂದು ಹೆಸರು. ಕನ್ನಡದಲ್ಲಿ ಇದನ್ನು 'ಮಿಥ್ಯಾ ವಾಸ್ತವ'ವೆಂದು ಕರೆಯಬಹುದು. ಇದರ ಒಡಹುಟ್ಟು ಇನ್ನೊಂದಿದೆ. ಅದು ಹೊರಲೋಕವನ್ನು ಮರೆಮಾಡುವುದಿಲ್ಲ; ಇರುವ ಲೋಕದ ಮೇಲೆಯೇ ಇಲ್ಲದ ವಸ್ತುವನ್ನು ತಂದಿರಿಸುತ್ತದೆ. ಅದಕ್ಕೆ 'ಆಗ್ಮೆಂಟೆಡ್ ರಿಯಾಲಿಟಿ', ಅರ್ಥಾತ್ 'ವರ್ಧಿತ ವಾಸ್ತವ' ಎಂದು ಹೆಸರು. ನೀರನ್ನು ನೆಲವೆಂದೂ ನೆಲವನ್ನು ನೀರೆಂದೂ ಭ್ರಮಿಸಿ ಮಯಸಭೆಯಲ್ಲಿ ಎಡವಿದ ದುರ್ಯೋಧನನ ಕಥೆಯನ್ನು ಬಯಲಾಟದಲ್ಲಿ ಕಂಡು ನಕ್ಕ ನಾಡಿಗೆ ಈ ಎರಡು ವಿದ್ಯೆಗಳ ತತ್ತ್ವವು ತೀರ ಹೊಸದೇನೂ ಅಲ್ಲ. ಹೊಸದೆಂದರೆ, ಮಯನ ಆ ಕೌಶಲವು ಈಗ ಹಾವೇರಿಯ ವಿದ್ಯಾರ್ಥಿಯೊಬ್ಬನ ಜೇಬಿನೊಳಗಿನ ಮೊಬೈಲಿಗೂ ಇಳಿದುಬಂದಿರುವುದು.

ಎರಡು ಕಣ್ಣು, ಒಂದು ನೋಟ

ಈ ಮಾಯೆಯ ಗುಟ್ಟನ್ನು ತಿಳಿಯಲು ಯಾವ ಉಪಕರಣವೂ ಬೇಡ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಮ್ಮೆ ಎಡಗಣ್ಣನ್ನೂ ಮತ್ತೊಮ್ಮೆ ಬಲಗಣ್ಣನ್ನೂ ಮುಚ್ಚಿ ನೋಡಿದರೆ, ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿತ್ತ ಜಿಗಿದಂತೆ ಕಾಣುವುದು. ಮನುಷ್ಯನ ಎರಡು ಕಣ್ಣುಗಳ ನಡುವೆ ಸುಮಾರು 6.3 ಸೆಂಟಿಮೀಟರ್ ಅಂತರವಿದೆ. ಆದುದರಿಂದ ಒಂದೇ ವಸ್ತುವಿನ ಎರಡು ಬೇರೆ ಬೇರೆ ಚಿತ್ರಗಳು ಮೆದುಳನ್ನು ಸೇರುತ್ತವೆ. ಮೆದುಳು ಅವೆರಡನ್ನೂ ಹೊಂದಿಸಿ ಒಂದೇ ನೋಟವನ್ನಾಗಿ ಮಾಡಿಕೊಂಡು, ಅವುಗಳ ನಡುವಣ ಅಲ್ಪ ವ್ಯತ್ಯಾಸದಿಂದಲೇ ವಸ್ತುವು ಎಷ್ಟು ದೂರದಲ್ಲಿದೆಯೆಂಬುದನ್ನು ಲೆಕ್ಕಹಾಕುತ್ತದೆ.

ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ಈ ಸಂಗತಿಯನ್ನು ವಿವರಿಸಿ, ಎರಡು ಕಣ್ಣುಗಳಿಗೂ ಬೇರೆ ಬೇರೆ ಚಿತ್ರವನ್ನು ತೋರುವ 'ಸ್ಟೀರಿಯೊಸ್ಕೋಪ್' ಎಂಬ ಉಪಕರಣವನ್ನು ಲೋಕದ ಮುಂದಿಟ್ಟನು. ಚಪ್ಪಟೆಯಾದ ಎರಡು ಚಿತ್ರಗಳು ಒಂದಾಗಿ, ಉಬ್ಬುತಗ್ಗುಗಳುಳ್ಳ ನಿಜವಾದ ನೋಟವು ಮೂಡಿತು. ಇಂದಿನ ಅತಿ ದುಬಾರಿ ಕನ್ನಡಕದ ಒಳಗಿರುವುದೂ ಇದೇ ಉಪಾಯವೇ.

ಆದರೆ ವೀಟ್‌ಸ್ಟನ್ನನ ಚಿತ್ರವು ನಿಶ್ಚಲವಾದುದು. ನೋಡುವವನು ತಲೆಯನ್ನು ಹೊರಳಿಸಿದರೆ ಮಾಯೆಯು ಹರಿದುಹೋಗುತ್ತಿತ್ತು. ಈ ಕೊರತೆಯನ್ನು ನೀಗಿಸಲು 130 ವರ್ಷಗಳೇ ಹಿಡಿದವು. 1968ರಲ್ಲಿ ಅಮೆರಿಕದ ಐವನ್ ಸದರ್ಲೆಂಡ್ ಎಂಬ ವಿಜ್ಞಾನಿಯು ತನ್ನ ಶಿಷ್ಯರೊಡನೆ ತಲೆಗೆ ಧರಿಸುವ ಯಂತ್ರವೊಂದನ್ನು ನಿರ್ಮಿಸಿದನು. ಅದರ ಭಾರವನ್ನು ಕತ್ತು ತಾಳಲಾರದೆಂದು ಅದನ್ನು ಮಾಳಿಗೆಗೆ ತೂಗುಹಾಕಬೇಕಾಯಿತು. ಅದರಲ್ಲಿ ಕಾಣುತ್ತಿದ್ದುದು ಬರಿಯ ಗೆರೆಗಳ ಆಕೃತಿಗಳು. ಆದರೂ ತಲೆ ಹೊರಳಿದಂತೆ ಆ ನೋಟವೂ ಹೊರಳುತ್ತಿತ್ತು. ಅಂದಿನಿಂದ ನೋಡುವವನು ಚಿತ್ರದ ಹೊರಗೆ ನಿಂತ ಪ್ರೇಕ್ಷಕನಾಗಿ ಉಳಿಯದೆ ಅದರ ಒಳಗಿನವನಾದನು.

ಇಂದು ಆ ಮಾಳಿಗೆಯ ಯಂತ್ರವು ಕುಗ್ಗಿ ಅಂಗೈಯಗಲದ ಪೆಟ್ಟಿಗೆಯಾಗಿದೆ. ಪ್ರತಿಯೊಂದು ಕಣ್ಣಿಗೂ ಒಂದೊಂದು ಪುಟ್ಟ ಪರದೆ, ಅದರ ಮುಂದೆ ಒಂದು ಮಸೂರ, ತಲೆಯ ಅಲುಗಾಟವನ್ನು ಅಳೆಯುವ ಸೂಕ್ಷ್ಮ ಸಾಧನಗಳು, ಕ್ಷಣಕ್ಷಣಕ್ಕೂ ಚಿತ್ರವನ್ನು ಹೊಸದಾಗಿ ಬರೆಯುವ ಗಣಕ, ಇವಿಷ್ಟೇ ಅದರ ಅಂಗಗಳು. ತಲೆ ಹೊರಳಿದ ಮೇಲೆ ಸುಮಾರು 20 ಮಿಲಿಸೆಕೆಂಡುಗಳೊಳಗೆ ನೋಟವೂ ಹೊರಳಬೇಕು. ತಡವಾದರೆ ಮೆದುಳಿಗೆ ಮೋಸವು ತಿಳಿಯುತ್ತದೆ, ಹೊಟ್ಟೆ ತೊಳಸುತ್ತದೆ. 2012ರಲ್ಲಿ 'ಆಕ್ಯುಲಸ್' ಎಂಬ ಕನ್ನಡಕದ ಯೋಜನೆಗೆ ಜನರಿಂದ ಹಣ ಕೂಡಿದ ಮೇಲೆ ಈ ವಿದ್ಯೆಯು ಪ್ರಯೋಗಶಾಲೆಯನ್ನು ಬಿಟ್ಟು ಅಂಗಡಿಗೆ ಬಂದಿತು. 2014ರಲ್ಲಿ ಗೂಗಲ್ ಸಂಸ್ಥೆಯು ರಟ್ಟನ್ನು ಮಡಿಸಿ, ಎರಡು ಮಸೂರಗಳನ್ನು ಸಿಕ್ಕಿಸಿ, ಒಳಗೆ ಮೊಬೈಲನ್ನು ಇರಿಸುವ ಅಗ್ಗದ ಮಾದರಿಯೊಂದನ್ನು ತೋರಿಸಿಕೊಟ್ಟಿತು. ಆ ಸಂಸ್ಥೆಯು 2021ರಲ್ಲಿ ಅದರ ಮಾರಾಟವನ್ನು ನಿಲ್ಲಿಸಿದರೂ, ರಟ್ಟು ಮತ್ತು ಕತ್ತರಿಗಳಿದ್ದವರು ಅದನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಜಾತ್ರೆಯ ಪೆಟ್ಟಿಗೆಯು ಹೀಗೆ ಮರಳಿ ಹುಟ್ಟಿತು.

ಲಂಡನ್ನಿನಲ್ಲಿ ಶ್ರೀರಂಗಪಟ್ಟಣ

ಇಂತಹ ಮಾಯಾಲೋಕದೊಳಗೆ ಕನ್ನಡನಾಡು ಪ್ರವೇಶಿಸಿದುದು ನಿನ್ನೆ ಮೊನ್ನೆಯಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾಗಿ ಟಿಪ್ಪು ಸುಲ್ತಾನನು ಮಡಿದನಷ್ಟೆ. ಮರು ವರ್ಷವೇ ಲಂಡನ್ನಿನ ಲೈಸಿಯಂ ಎಂಬ ಮಂದಿರದಲ್ಲಿ ಆ ಯುದ್ಧದ ಮಹಾಚಿತ್ರವೊಂದು ಪ್ರದರ್ಶಿತವಾಯಿತು. ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಕಲಾವಿದನು ಬರೆದ ಆ ಚಿತ್ರದ ಉದ್ದವು ನೂರು ಅಡಿಗೂ ಮೀರಿದುದು. ಅರ್ಧವರ್ತುಲಾಕಾರವಾಗಿ ನಿಲ್ಲಿಸಿದ ಆ ಪಟದ ನಡುವೆ ನಿಂತ ಲಂಡನ್ನಿನ ನಾಗರಿಕನಿಗೆ ಎಡಕ್ಕೂ ಬಲಕ್ಕೂ ಎದುರಿಗೂ ಶ್ರೀರಂಗಪಟ್ಟಣವೇ. ಹೊಗೆ, ಕೋಟೆಗೋಡೆ, ಕತ್ತಿಯ ಹೊಳಪು. ವಿದ್ಯುತ್ತಿಲ್ಲದ ಆ ಕಾಲದ ಮಿಥ್ಯಾ ವಾಸ್ತವವೆಂದರೆ ಅದೇ.

ಆದರೆ ಆ ಕಲಾವಿದನು ಶ್ರೀರಂಗಪಟ್ಟಣವನ್ನು ಕಂಡವನೇ ಅಲ್ಲ. ಯುದ್ಧದ ವರದಿಗಳನ್ನೂ ಇತರರ ಚಿತ್ರಗಳನ್ನೂ ನಂಬಿ ಅವನು ಅದನ್ನು ಕಲ್ಪಿಸಿದನು. ಪ್ರೇಕ್ಷಕನನ್ನು ಅವನು ನಿಲ್ಲಿಸಿದುದು ಕೋಟೆಯ ಹೊರಗೆ, ಏರಿ ಬರುತ್ತಿದ್ದ ಇಂಗ್ಲಿಷ್ ಸೈನ್ಯದ ಪಕ್ಕದಲ್ಲಿ. ಕೋಟೆಯೊಳಗಿನ ಮನೆಗಳ ಬಾಗಿಲಲ್ಲಿ ನಿಂತವರಿಗೆ ಆ ಮುಂಜಾವವೂ ಆ ಮಧ್ಯಾಹ್ನವೂ ಹೇಗೆ ಕಂಡವೆಂಬುದಕ್ಕೆ ಅಲ್ಲಿ ಎಡೆಯಿರಲಿಲ್ಲ. ನೂರು ಅಡಿಯ ಪಟವನ್ನು ನೋಡಿದವನು 'ನಾನು ಓದಿದೆ' ಎನ್ನುವುದಿಲ್ಲ, 'ನಾನು ಕಂಡೆ' ಎನ್ನುತ್ತಾನೆ. ಕಂಡುದನ್ನು ಸಂಶಯಿಸುವುದು ಮನುಷ್ಯನಿಗೆ ಸುಲಭವಲ್ಲ. ಈ ವಿದ್ಯೆಯ ಶಕ್ತಿಯೂ ಅಪಾಯವೂ ಒಂದೇ ಕಡೆಯಲ್ಲಿವೆ ಎಂಬುದನ್ನು 1800ರ ಆ ಚಿತ್ರವು ಇಂದಿಗೂ ನೆನಪಿಸುತ್ತದೆ.

ಇದ್ದುದರ ಮೇಲೆ ಇಲ್ಲದುದು

ವರ್ಧಿತ ವಾಸ್ತವದ ಪರಿಚಯವಂತೂ ಕ್ರಿಕೆಟ್ ನೋಡುವ ಪ್ರತಿಯೊಂದು ಮನೆಗೂ ಆಗಿದೆ. ಚೆಂಡು ಬ್ಯಾಟುಗಾರನ ಕಾಲಿಗೆ ತಗಲದಿದ್ದರೆ ವಿಕೆಟ್ಟಿಗೆ ಬಡಿಯುತ್ತಿತ್ತೇ ಎಂಬುದನ್ನು ತೋರಿಸಲು ದೂರದರ್ಶನದ ತೆರೆಯ ಮೇಲೆ ಬಣ್ಣದ ಪಥವೊಂದು ಮೂಡುವುದಷ್ಟೆ. 2001ರಲ್ಲಿ ಲಾರ್ಡ್ಸ್ ಮೈದಾನದ ಟೆಸ್ಟ್ ಪಂದ್ಯದಲ್ಲಿ ಮೊದಲು ಬಳಕೆಗೆ ಬಂದ ಆ ಪದ್ಧತಿಯು ನಿಜವಾದ ಪಿಚ್ಚಿನ ಚಿತ್ರದ ಮೇಲೆ ಲೆಕ್ಕದಿಂದ ಬಂದ ಗೆರೆಯನ್ನು ಎಳೆಯುತ್ತದೆ. ಪಿಚ್ಚು ನಿಜ, ಆದರೆ ಗೆರೆಯು ಊಹೆ. ಎರಡೂ ಒಂದೇ ತೆರೆಯಲ್ಲಿ.

ಇದೇ ಉಪಾಯವು 1990ರ ಸುಮಾರಿಗೆ ಬೋಯಿಂಗ್ ವಿಮಾನ ಕಾರ್ಖಾನೆಯ ತಜ್ಞರಿಗೆ ಹೊಳೆಯಿತು. ವಿಮಾನದ ಒಡಲೊಳಗೆ ಸಾವಿರಾರು ತಂತಿಗಳನ್ನು ಜೋಡಿಸುವ ಕೆಲಸಗಾರನು ಪದೇ ಪದೇ ನಕ್ಷೆಯತ್ತ ತಿರುಗಬೇಕಾಗಿತ್ತು. ಆ ನಕ್ಷೆಯನ್ನು ಅವನ ಕನ್ನಡಕದ ಮೂಲಕ ಹಲಗೆಯ ಮೇಲೆಯೇ ತೋರಿಸಿದರೆ ಹೇಗೆ? ಟಾಮ್ ಕಾಡೆಲ್ ಎಂಬ ತಜ್ಞನು ಅಂತಹ ನೋಟಕ್ಕೆ ಕೊಟ್ಟ ಹೆಸರೇ 'ಆಗ್ಮೆಂಟೆಡ್ ರಿಯಾಲಿಟಿ'. 2016ರಲ್ಲಿ 'ಪೊಕೆಮಾನ್ ಗೋ' ಎಂಬ ಆಟವು ಬಂದು, ಮೊಬೈಲನ್ನು ಎತ್ತಿ ಹಿಡಿದು ಬೀದಿಯಲ್ಲಿ ಇಲ್ಲದ ಪ್ರಾಣಿಗಳನ್ನು ಹುಡುಕುತ್ತ ಜನರು ಅಲೆಯತೊಡಗಿದಾಗ ಈ ವಿದ್ಯೆಯು ಮಕ್ಕಳ ಕೈಗೂ ತಲುಪಿತು.

ಹಂಪೆಯು ತೋರಿದ ದಾರಿ

ಕರ್ನಾಟಕದಲ್ಲಿ ಈ ವಿದ್ಯೆಯು ಆಟವನ್ನು ಮೀರಿ ಬೆಳೆದುದಕ್ಕೆ ಹಂಪೆಯೇ ಸಾಕ್ಷಿ. ಜೆಫ್ರಿ ಶಾ ಮತ್ತು ಸಾರಾ ಕೆಂಡರ್‌ಡೈನ್ ಎಂಬ ಕಲಾವಿದರು ಸಿದ್ಧಪಡಿಸಿದ 'ಪ್ಲೇಸ್ ಹಂಪಿ' ಎಂಬ ಪ್ರದರ್ಶನವು 2006ರಲ್ಲಿ ಫ್ರಾನ್ಸಿನ ಲೀಲ್ ನಗರದಲ್ಲಿ ತೆರೆಕಂಡಿತು. ದುಂಡನೆಯ ತೆರೆಯ ನಡುವೆ ತಿರುಗುವ ವೇದಿಕೆ. ಅದರ ಮೇಲೆ ನಿಂತವನಿಗೆ ಸುತ್ತಲೂ ಹಂಪೆಯ ಬಂಡೆಗಳು ಮತ್ತು ಮಂಟಪಗಳು. ಮುಂದೆ ಅದು ತೋರಣಗಲ್ಲಿನ ಕಲಾಧಾಮದಲ್ಲಿ ನೆಲೆಗೊಂಡಿತು. ಪೋರ್ಟರನ ಪಟದ ವಂಶದಲ್ಲಿಯೇ ಹುಟ್ಟಿದ ಈ ಕೃತಿಯು ಎರಡು ಶತಮಾನಗಳ ತರುವಾಯ ಚಿತ್ರಿತವಾದ ಊರಿನ ಹತ್ತಿರಕ್ಕೇ ಬಂದು ನಿಂತದ್ದು ಗಮನಾರ್ಹವಾದುದು.

ಭಾರತ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ಪರಂಪರೆಯನ್ನು ಡಿಜಿಟಲ್ ರೂಪದಲ್ಲಿ ಉಳಿಸುವ ಯೋಜನೆಯನ್ನು ಕೈಗೊಂಡಾಗಲೂ ಆರಿಸಿಕೊಂಡುದು ಹಂಪೆಯನ್ನೇ. ಅದರಲ್ಲಿ ದೇಶದ ಹಲವು ವಿದ್ಯಾಸಂಸ್ಥೆಗಳೊಡನೆ ಹುಬ್ಬಳ್ಳಿಯ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜು, ಅಂದರೆ ಇಂದಿನ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವೂ ಪಾಲ್ಗೊಂಡಿತು. ಆ ಯೋಜನೆಯ ಫಲಿತಾಂಶಗಳು 2017ರಲ್ಲಿ 'ಡಿಜಿಟಲ್ ಹಂಪಿ' ಎಂಬ ಗ್ರಂಥರೂಪದಲ್ಲಿ ಹೊರಬಂದವು. 2024ರಲ್ಲಿ ಕರ್ನಾಟಕ ಸರ್ಕಾರವು ಅನಿಮೇಷನ್ ಮತ್ತು ಗಣಕ ಕ್ರೀಡೆಗಳ ಉದ್ಯಮಕ್ಕಾಗಿ ರೂಪಿಸಿದ ನೀತಿಯಲ್ಲಿ ಈ ವಿದ್ಯೆಗಳಿಗೂ ಹೆಸರು ಹೇಳಿ ಸ್ಥಾನವನ್ನು ಕೊಟ್ಟಿತು.

ಶಿಲೆಯ ಗುಡಿಯೊಂದನ್ನು ಕನ್ನಡಕದೊಳಗೆ ಇಳಿಸುವ ಬಗೆಯೂ ಸ್ವಾರಸ್ಯವಾದುದೇ. ಕಂಬವೊಂದರ ನೂರಾರು ಛಾಯಾಚಿತ್ರಗಳನ್ನು, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ, ಎಲ್ಲ ದಿಕ್ಕುಗಳಿಂದಲೂ ತೆಗೆಯುತ್ತಾರೆ. ಒಂದೇ ಬಿರುಕು, ಒಂದೇ ಹೂಬಳ್ಳಿ ಯಾವ ಯಾವ ಚಿತ್ರದಲ್ಲಿ ಎಲ್ಲೆಲ್ಲಿ ಬಿದ್ದಿದೆಯೆಂದು ಗಣಕವು ಹೋಲಿಸಿ, ಅದರ ನಿಜವಾದ ಸ್ಥಾನವನ್ನು ಲೆಕ್ಕಹಾಕುತ್ತದೆ. ಅಂತಹ ಲಕ್ಷಾಂತರ ಬಿಂದುಗಳು ಸೇರಿ ಕಂಬವಾಗುತ್ತದೆ. ಲೇಸರ್ ಕಿರಣವನ್ನು ಹಾಯಿಸಿ ಅಳೆಯುವ ಯಂತ್ರಗಳೂ ಉಂಟು. ಎರಡು ಕಣ್ಣು ಮಾಡುವ ಕೆಲಸವನ್ನೇ ಇಲ್ಲಿ ಸಾವಿರ ಕಣ್ಣುಗಳಿಂದ ಮಾಡಿಸಲಾಗುತ್ತದೆ.

ಪಡುವಣ ಬಾಗಿಲಿನ ಗುಡಿ

ಈ ಸಾವಿರ ಕಣ್ಣುಗಳಿಗೆ ಹಾವೇರಿಯ ಸೀಮೆಯಲ್ಲಿ ಕೆಲಸವು ಧಾರಾಳವಾಗಿದೆ. ಹಾವೇರಿಯ ಪುರದ ಸಿದ್ಧೇಶ್ವರ ದೇವಾಲಯವು ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಕ್ಕೆ ಸೊಗಸಾದ ನಿದರ್ಶನ. ಸಾಮಾನ್ಯವಾಗಿ ಆ ಕಾಲದ ಗುಡಿಗಳು ಪೂರ್ವಕ್ಕೆ ಮುಖಮಾಡಿರುವಲ್ಲಿ ಇದು ಪಶ್ಚಿಮಕ್ಕೆ ಮುಖಮಾಡಿದೆ. ಇದು ಮೊದಲು ವೈಷ್ಣವ ದೇವಾಲಯವಾಗಿದ್ದು, ಅನಂತರ ಜೈನರ ಕೈಸೇರಿ, ಕೊನೆಗೆ ಶಿವಾಲಯವಾಯಿತೆಂದು ಕೆಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಇಂದು ಗರ್ಭಗುಡಿಯಲ್ಲಿ ಶಿವಲಿಂಗಕ್ಕೆ ಪೂಜೆ ಸಲ್ಲುತ್ತಿದೆ.

ಈಗ ಒಂದು ಪ್ರಶ್ನೆ ಏಳುತ್ತದೆ. 'ಸಿದ್ಧೇಶ್ವರ ದೇವಾಲಯವು ಹಿಂದೆ ಹೇಗಿತ್ತೆಂದು ತೋರಿಸುತ್ತೇವೆ' ಎಂದು ತಂತ್ರಜ್ಞರು ಕನ್ನಡಕವನ್ನು ಹಿಡಿದು ಬಂದರೆ, ಅವರು ತೋರಿಸುವ ಗರ್ಭಗುಡಿಯಲ್ಲಿ ಯಾರ ಮೂರ್ತಿಯನ್ನು ಇರಿಸಬೇಕು? ಗ್ರಂಥದಲ್ಲಿಯಾದರೆ 'ಇರಬಹುದು' ಎಂಬ ಒಂದು ಪದವು ಸಾಕು. ಚಿತ್ರಕ್ಕೆ 'ಇರಬಹುದು' ಎನ್ನಲು ಬಾರದು. ಅಲ್ಲಿ ಮೂರ್ತಿಯು ಇರುತ್ತದೆ ಅಥವಾ ಇರುವುದಿಲ್ಲ. ಕನ್ನಡಕವನ್ನು ಧರಿಸಿದ ಶಾಲಾ ಬಾಲಕನು 'ನಾನು ಕಂಡೆ' ಎಂದುಕೊಂಡೇ ಮನೆಗೆ ಮರಳುವನು. ಆದುದರಿಂದ ಪ್ರಾಮಾಣಿಕರಾದ ತಜ್ಞರು ಉಳಿದಿರುವ ಭಾಗವನ್ನು ಒಂದು ಬಣ್ಣದಲ್ಲಿಯೂ, ಊಹಿಸಿದ ಭಾಗವನ್ನು ಬೇರೊಂದು ಬಣ್ಣದಲ್ಲಿಯೂ ತೋರಿಸುವ ಪದ್ಧತಿಯನ್ನು ಅನುಸರಿಸುತ್ತಾರೆ. ಕ್ರಿಕೆಟ್ಟಿನ ಆ ಬಣ್ಣದ ಗೆರೆಯ ಮರ್ಯಾದೆಯು ಗುಡಿಗೂ ಬೇಕು.

ಊಹೆಗೆ ಕಡಿವಾಣವನ್ನು ಹಾಕುವುದು ವಿದ್ವತ್ತು. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ, ತುಂಗಭದ್ರೆಯ ದಡದ ಮೇಲೆ, ಮುಕ್ತೇಶ್ವರ ದೇವಾಲಯವಿದೆ. ವಚನಕಾರ ಅಂಬಿಗರ ಚೌಡಯ್ಯನ ಹೆಸರಿನೊಡನೆ ಬೆಸೆದುಕೊಂಡ ಊರು ಅದು. ಹಾವೇರಿಯಲ್ಲಿಯೇ ಜನಿಸಿ, ಮುಂದೆ ಫ್ರಾನ್ಸಿನಲ್ಲಿ ನೆಲೆಸಿದ ಶಾಸನತಜ್ಞೆ ಡಾ. ವಸುಂಧರಾ ಫಿಲಿಯೋಜಾ ಅವರು ಈ ದೇವಾಲಯದ ಶಾಸನಗಳನ್ನು ಅಧ್ಯಯನ ಮಾಡಿ ಬರೆದ ಗ್ರಂಥವು 1995ರಲ್ಲಿ ದಿಲ್ಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದ ಮೂಲಕ ಬೆಳಕು ಕಂಡಿತು. ಕಲ್ಲಿನ ಅಕ್ಷರಗಳನ್ನು ಓದಿ, ಯಾರು ಯಾವ ದತ್ತಿಯನ್ನು ಬಿಟ್ಟರು, ಯಾವ ಅರಸರ ಆಳ್ವಿಕೆ ನಡೆದಿತ್ತು ಎಂಬುದನ್ನು ನಿರ್ಧರಿಸುವ ಇಂತಹ ಶ್ರಮವು ಮೊದಲು, ಕನ್ನಡಕವು ಆಮೇಲೆ. ಮೊಬೈಲನ್ನು ಶಾಸನದ ಕಡೆಗೆ ಹಿಡಿದೊಡನೆ ಅದರ ಹಳಗನ್ನಡವು ಇಂದಿನ ಕನ್ನಡದಲ್ಲಿ ಕಲ್ಲಿನ ಪಕ್ಕದಲ್ಲಿಯೇ ಮೂಡುವಂತೆ ಮಾಡುವುದು ವರ್ಧಿತ ವಾಸ್ತವಕ್ಕೆ ಕಷ್ಟವಲ್ಲ. ಓದಿ ಅರ್ಥ ಬರೆದವರಿಲ್ಲದೆ ಅದು ಏನನ್ನೂ ಮೂಡಿಸಲಾರದು.

ಹುಲ್ಲುಗಾವಲು ಮತ್ತು ಪೇಟೆ

ರಾಣೆಬೆನ್ನೂರಿನ ಇನ್ನೊಂದು ಸಂಪತ್ತು ಕೃಷ್ಣಮೃಗಗಳ ಅಭಯಾರಣ್ಯ. 1974ರಲ್ಲಿ ಘೋಷಿತವಾದ ಈ ಅರಣ್ಯದ ವಿಸ್ತಾರವು 119 ಚದರ ಕಿಲೋಮೀಟರ್. ಕೃಷ್ಣಮೃಗಗಳು ಇಂದಿಗೂ ಅಲ್ಲಿ ಜಿಗಿಯುತ್ತಿವೆ. ಆದರೆ ಒಂದು ಕಾಲದಲ್ಲಿ ಆ ಬಯಲಿನಲ್ಲಿ ಕಾಣಸಿಗುತ್ತಿದ್ದ ಎರೆಭೂತವೆಂಬ ಭಾರಿ ಹಕ್ಕಿಯು ಇಂದು ಇಡೀ ದೇಶದಲ್ಲಿಯೇ ಅಳಿವಿನ ಅಂಚಿಗೆ ಬಂದಿದ್ದು, ಉಳಿದಿರುವ ಹಕ್ಕಿಗಳಲ್ಲಿ ಹೆಚ್ಚಿನವು ರಾಜಸ್ಥಾನದ ಮರುಭೂಮಿಯಲ್ಲಿವೆ. ಕನ್ನಡಕವನ್ನು ಧರಿಸಿದ ಮಗುವಿನ ಮುಂದೆ ಆ ಹಕ್ಕಿಯನ್ನು ರಾಣೆಬೆನ್ನೂರಿನ ಹುಲ್ಲಿನಲ್ಲಿ ಮತ್ತೆ ನಡೆಸಬಹುದು. ಅದು ಕತ್ತನ್ನು ಉಬ್ಬಿಸಿ ಕೂಗುವುದನ್ನು ಕೇಳಿಸಬಹುದು. ಇದರಿಂದ ಮಗುವಿನಲ್ಲಿ ಅಕ್ಕರೆ ಹುಟ್ಟಿದರೆ ಲಾಭವೇ. 'ಹಕ್ಕಿಯು ಕನ್ನಡಕದಲ್ಲಿ ಇದೆಯಲ್ಲ' ಎಂಬ ಸಮಾಧಾನವು ಹಿರಿಯರಲ್ಲಿ ಹುಟ್ಟಿದರೆ ಅದಕ್ಕಿಂತ ನಷ್ಟವಿಲ್ಲ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಈ ವಿದ್ಯೆಯ ಎಲ್ಲೆಯು ಇನ್ನೂ ಸ್ಪಷ್ಟವಾಗುತ್ತದೆ. 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಕೀರ್ತಿಯು ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕೆ. ಡಬ್ಬಿ ಮತ್ತು ಕಡ್ಡಿ ಎಂಬ ಅದರ ಎರಡು ತಳಿಗಳನ್ನೂ, ಸುಕ್ಕುಗಟ್ಟಿದ ಸಿಪ್ಪೆಯನ್ನೂ, ಅಂಗಳದ ತುಂಬ ಹರಡಿದ ಕೆಂಪು ರಾಶಿಗಳನ್ನೂ ಕನ್ನಡಕವು ಚೆನ್ನಾಗಿಯೇ ತೋರಿಸೀತು. ಆದರೆ ಪೇಟೆಯ ಬಾಗಿಲಲ್ಲಿ ಕಾಲಿಟ್ಟೊಡನೆ ಮೂಗಿಗೆ ಅಡರುವ ಘಾಟು, ಒಂದರ ಹಿಂದೊಂದು ಬರುವ ಸೀನು, ಕಾಯಿಯನ್ನು ಅಂಗೈಯಲ್ಲಿ ಹಿಚುಕಿ ಅದರ ತೇವವನ್ನು ಅರಿಯುವ ಅನುಭವಿಯ ಬೆರಳು, ಇವು ಅದಕ್ಕೆ ಎಟುಕುವುದಿಲ್ಲ. ಅಮೆರಿಕದ ಮಾರ್ಟನ್ ಹೈಲಿಗ್ ಎಂಬಾತನು 1962ರಲ್ಲಿ ಹಕ್ಕುಪತ್ರವನ್ನು ಪಡೆದ 'ಸೆನ್ಸೊರಾಮಾ' ಯಂತ್ರದಲ್ಲಿ ಚಿತ್ರದೊಡನೆ ಗಾಳಿ, ಕುರ್ಚಿಯ ನಡುಕ, ವಾಸನೆಗಳನ್ನೂ ಸೇರಿಸಿದ್ದನು. ಅದಾಗಿ ಆರು ದಶಕಗಳು ಸಂದರೂ ಕಣ್ಣು ಕಿವಿಗಳನ್ನು ಒಲಿಸಿಕೊಂಡಷ್ಟು ಸುಲಭವಾಗಿ ಮೂಗನ್ನು ಒಲಿಸಿಕೊಳ್ಳಲು ಯಂತ್ರಗಳಿಗೆ ಸಾಧ್ಯವಾಗಿಲ್ಲ.

ಮನೆಯವರಿಗೆ ನಾಲ್ಕು ಮಾತು

ಮಕ್ಕಳ ಹಟಕ್ಕೆ ಮಣಿದು ಇಂತಹ ಕನ್ನಡಕವನ್ನು ಕೊಳ್ಳಬೇಕೆನ್ನುವ ತಂದೆತಾಯಿಗಳು ಕೆಲವು ಸಂಗತಿಗಳನ್ನು ಅರಿತಿರುವುದು ಒಳ್ಳೆಯದು. ಬೆಲೆಯಲ್ಲಿ ಅಜಗಜಾಂತರವಿದೆ. ರಟ್ಟಿನ ಪೆಟ್ಟಿಗೆಗೆ ಕೆಲವು ನೂರು ರೂಪಾಯಿಗಳು ಸಾಕಾದರೆ, 2024ರಲ್ಲಿ ಆ್ಯಪಲ್ ಸಂಸ್ಥೆಯು ಅಮೆರಿಕದಲ್ಲಿ ಮಾರಾಟಕ್ಕೆ ತಂದ ಕನ್ನಡಕದ ಆರಂಭದ ಬೆಲೆ 3,499 ಡಾಲರ್. ತಯಾರಕರಲ್ಲಿ ಒಬ್ಬರು 10 ವರ್ಷ, ಮತ್ತೊಬ್ಬರು 12, ಮಗದೊಬ್ಬರು 13 ವರ್ಷ ತುಂಬದ ಮಕ್ಕಳಿಗೆ ಇದು ಬೇಡವೆಂದು ಸೂಚಿಸಿದ್ದಾರೆ. ಪೆಟ್ಟಿಗೆಯ ಮೇಲಿನ ಆ ಸೂಚನೆಯನ್ನು ಅಲಕ್ಷಿಸಬಾರದು.

ತಲೆ ಸುತ್ತುವುದಕ್ಕೂ ಕಾರಣವಿದೆ. 'ಬೆಟ್ಟದಿಂದ ಕೆಳಗೆ ಜಾರುತ್ತಿದ್ದೇನೆ' ಎಂದು ಕಣ್ಣು ಹೇಳುತ್ತದೆ. 'ಕುರ್ಚಿಯ ಮೇಲೆ ಕುಳಿತಿದ್ದೇನೆ' ಎಂದು ಕಿವಿಯೊಳಗಿನ ಸಮತೋಲನದ ಅಂಗವು ಹೇಳುತ್ತದೆ. ಈ ಇಬ್ಬರು ಸಾಕ್ಷಿಗಳ ಜಗಳದಲ್ಲಿ ಹೊಟ್ಟೆಯು ಶಿಕ್ಷೆಯನ್ನು ಅನುಭವಿಸುತ್ತದೆ. ಘಟ್ಟದ ದಾರಿಯ ಬಸ್ಸಿನಲ್ಲಿ ಪುಸ್ತಕ ಓದುವವರಿಗೆ ಆಗುವ ಸಂಕಟವೂ ಇದರ ಬಂಧುವೇ. ಹತ್ತಿರದ ವಸ್ತುವೆಂದು ಕಣ್ಣುಗಳು ಒಳಕ್ಕೆ ತಿರುಗಿದರೂ, ಪರದೆಯ ಬೆಳಕು ಒಂದೇ ನಿಶ್ಚಿತ ದೂರದಿಂದ ಬಂದಂತಿರುವುದರಿಂದ ಕಣ್ಣಿಗೆ ಆಯಾಸವೂ ಆಗುತ್ತದೆ. ಆದುದರಿಂದ ಕುಳಿತು ನೋಡುವುದು, ಹತ್ತು ಹದಿನೈದು ನಿಮಿಷಗಳಿಗೊಮ್ಮೆ ತೆಗೆದು ದೂರದ ಮರವನ್ನು ನೋಡುವುದು, ಸುತ್ತ ಮೇಜಿನ ಮೂಲೆಗಳೂ ಬಿಸಿ ಪಾತ್ರೆಗಳೂ ಇಲ್ಲದಂತೆ ನೋಡಿಕೊಳ್ಳುವುದು ಲೇಸು. ಕಣ್ಣು ಕಟ್ಟಿದವನಿಗೆ ಮನೆಯ ಹೊಸ್ತಿಲೂ ಮಯಸಭೆಯೇ. ಕನ್ನಡಕವು ನೋಡುವವನ ತಲೆ ಕೈಗಳ ಚಲನೆಯನ್ನು, ಕೆಲವು ಮಾದರಿಗಳಲ್ಲಿ ಕಣ್ಣಿನ ಹೊರಳಾಟವನ್ನೂ ದಾಖಲಿಸುತ್ತದೆ. ಆ ಮಾಹಿತಿಯು ಯಾರ ಕೈ ಸೇರುವುದೆಂದು ವಿಚಾರಿಸುವುದೂ ಹಿರಿಯರ ಕರ್ತವ್ಯ.

ಯಾವ ಕನ್ನಡಕವೂ ಇಲ್ಲದೆ ಇನ್ನೊಂದು ಲೋಕವನ್ನು ಹೊಗಬೇಕೆನ್ನುವವರಿಗೆ ಹಾವೇರಿ ಜಿಲ್ಲೆಯಲ್ಲಿಯೇ ಒಂದು ಸ್ಥಳವಿದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಬದುಕು ಆಳೆತ್ತರದ ಪ್ರತಿಮೆಗಳಾಗಿ ನಿಂತಿದೆ. ನೋಡುವವನು ಅವುಗಳ ನಡುವೆಯೇ ನಡೆದುಹೋಗುತ್ತಾನೆ. ಆ ಕಲಾವಿದರು 2020ರಲ್ಲಿ ನಿಧನರಾದರು. ಅವರು ತೋರಿಸಿದ ಹಳ್ಳಿಯನ್ನು ಕುರಿತು 'ಇದು ಯಾರು ಕಂಡ ಲೋಕ?' ಎಂದು ಕೇಳಿದರೆ ಉತ್ತರವು ಕೂಡಲೇ ದೊರೆಯುತ್ತದೆ: ಆ ನೆಲದಲ್ಲಿಯೇ ಹುಟ್ಟಿ ಬೆಳೆದವನು ಕಂಡ ಲೋಕ. ಲಂಡನ್ನಿನ ನೂರು ಅಡಿಯ ಪಟಕ್ಕಿಲ್ಲದ ಹಿರಿಮೆಯು ಅದು.

ಕನ್ನಡಕಗಳು ಇನ್ನೂ ಹಗುರವಾಗುವುವು, ಬೆಲೆಯೂ ಇಳಿಯುವುದು. ಆಗ ಹಾವೇರಿಯ ಶಾಲೆಗೆ ಬರುವ ಗುಡಿ, ಹಕ್ಕಿ, ಪೇಟೆಗಳ ಚಿತ್ರವನ್ನು ದೂರದ ನಗರದಲ್ಲಿ ಕುಳಿತವರು ಬರೆದಿರುತ್ತಾರೆಯೋ, ಶಾಸನವನ್ನು ಓದಬಲ್ಲ, ಎರೆಭೂತದ ಹೆಸರನ್ನು ಬಲ್ಲ, ಡಬ್ಬಿಯನ್ನೂ ಕಡ್ಡಿಯನ್ನೂ ಬೇರ್ಪಡಿಸಬಲ್ಲ ಊರಿನ ಮಕ್ಕಳೇ ಬರೆದಿರುತ್ತಾರೆಯೋ ಎಂಬುದು ಇಂದು ತೀರ್ಮಾನವಾಗಬೇಕಾದ ವಿಷಯ. ಅದಕ್ಕೆ ಬೇಕಾದ ಮೊದಲ ಸಿದ್ಧತೆಯು ಅಗ್ಗವಾದುದೇ. ಒಂದು ಸಂಜೆ ಮಕ್ಕಳನ್ನು ಕರೆದುಕೊಂಡು ಪುರದ ಸಿದ್ಧೇಶ್ವರನ ಗುಡಿಗೆ ಹೋಗಬೇಕು. ಸೂರ್ಯನು ಮುಳುಗುವ ದಿಕ್ಕಿಗೇ ಬಾಗಿಲು ತೆರೆದು ನಿಂತ ಆ ಗುಡಿಯ ಕಂಬಗಳನ್ನು ಅವರು ಬರಿಗಣ್ಣಿನಿಂದ ನೋಡಿ, ಕೈಯಿಂದ ಸವರಿ ಬರಲಿ. ನಾಳೆ ಕನ್ನಡಕದಲ್ಲಿ ಕಾಣುವ ಗುಡಿಯು ಸರಿಯೋ ತಪ್ಪೋ ಎಂದು ಹೇಳಬಲ್ಲವರು ಆ ಮಕ್ಕಳೇ.